ಅಂಗಳದ ಅಡಿಕೆ ಮುಚ್ಚುವುದಕ್ಕೆ ಯಾರಾದರೂ ಏನಾದರೂ ಕಂಡುಹಿಡೀತೀರಾ?

ಸವಿತಾ (ಸುಳ್ಯ ಕಡೆ)

ಸ್ಟಾರ್ಟಪ್ ಮಾಡಬೇಕು ಅಂತ ಹೊರಟ ಹುಡುಗರು ನಮ್ಮ ನೆಂಟರಲ್ಲೇ ಮೂರು ನಾಲ್ಕು ಜನ ಇದ್ದಾರೆ. ಊರಿಗೆ ಬಂದಾಗಲೆಲ್ಲ ಜಗಲಿಯಲ್ಲಿ ಕೂತು "ಅತ್ತೆ, ನಿಮಗೆ ಏನು ಪ್ರಾಬ್ಲಮ್ ಹೇಳಿ, ಒಂದು ಆ್ಯಪ್ ಮಾಡುವ" ಅಂತಾರೆ. ನನ್ನ ಪ್ರಾಬ್ಲಮ್ ಅವರ ಕಣ್ಣೆದುರೇ ಅಂಗಳದಲ್ಲಿ ಹರಡಿಕೊಂಡು ಬಿದ್ದಿರುತ್ತದೆ. ಅದನ್ನು ದಾಟಿಕೊಂಡೇ ಒಳಗೆ ಬಂದಿರುತ್ತಾರೆ.

ಅಡಿಕೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮಲ್ಲಿ ಚಾಲಿ. ಹಣ್ಣಾದ ಗೊನೆ ಕೊಯ್ದು, ಸಿಪ್ಪೆ ಸಮೇತ ಅಂಗಳದಲ್ಲಿ ಒಣಗಿಸುವುದು. ಒಳ್ಳೆ ಬಿಸಿಲಿದ್ದರೂ 40–45 ದಿನ ಬೇಕು. ಮೇಲಿನದ್ದು ಕೆಳಗೆ, ಕೆಳಗಿನದ್ದು ಮೇಲೆ ಬರಲಿ ಅಂತ ಅಡಿಕೆಯ ನಡುವೆ ಕಾಲೆಳೆಯುತ್ತಾ ನಡೆದು ಮಗುಚುತ್ತಾ ಇರಬೇಕು. ಮೊದಲ ಕೊಯ್ಲು ಅಂಗಳಕ್ಕೆ ಬೀಳುವುದೇ ತುಲಾ ತಿಂಗಳಲ್ಲಿ, ಅಂದರೆ ಅಕ್ಟೋಬರ್–ನವೆಂಬರಿನಲ್ಲಿ. ಬೆಳಿಗ್ಗೆ ಸುಡುವ ಬಿಸಿಲು, ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯುವಾಗ ಘಟ್ಟದ ಕಡೆಯಿಂದ ಗುಡುಗು. ಅರ್ಧ ಒಣಗಿದ ಅಡಿಕೆ ನೆನೆದರೆ ಬೂಷ್ಟು ಹಿಡಿಯುತ್ತದೆ. ಹೊರಗಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಸುಲಿದ ಮೇಲೆ ಅಂಗಡಿಯವರು ಕರಿಗೋಟು, ಉಳ್ಳಿಗಡ್ಡೆ (ಎರಡೂ ಕಡಿಮೆ ದರ್ಜೆಯ ಅಡಿಕೆಯ ಹೆಸರು) ಅಂತ ಬದಿಗೆ ಎಳೆಯುವಾಗ ಗೊತ್ತಾಗುವುದು. ಕ್ರಯ ಅಲ್ಲೇ ಬಿತ್ತು.

ಈಗ ಇರುವ ಉಪಾಯ ಅಂದ್ರೆ ಟರ್ಪಾಲು. ಅದಕ್ಕೆ ಇಬ್ಬರು ಬೇಕು. ಇವರು ಸೊಸೈಟಿಗೋ ತೋಟದ ಆ ತುದಿಗೋ ಹೋಗಿರುತ್ತಾರೆ, ಹಾಗಾಗಿ ಇನ್ನೊಂದು ಮೂಲೆ ಹಿಡಿಯುವುದು ಮಂಡಿ ನೋವಿನ ನನ್ನ ಅತ್ತೆ. ಮಳೆಗಿಂತ ಮೊದಲು ಗಾಳಿ ಬರುತ್ತದಲ್ವಾ, ಎರಡು ಮೂಲೆಗೆ ಮುರಕಲ್ಲು ಇಟ್ಟು ಮೂರನೆಯದಕ್ಕೆ ಓಡುವಾಗ ಮೊದಲನೆಯದು ಎದ್ದಿರುತ್ತದೆ. ಮಳೆ ಇಲ್ಲದ ದಿನವೂ ಬಿಡುಗಡೆ ಇಲ್ಲ. ಮಂಜು ಬೀಳುತ್ತದೆ ಅಂತ ಸಂಜೆ ಮುಚ್ಚಬೇಕು, ಬೆಳಿಗ್ಗೆ ತೆಗೆಯಬೇಕು. ತೆಗೆಯುವಾಗ ಟರ್ಪಾಲಿನ ಒಳಮೈಯಲ್ಲಿ ಆವಿ ಹನಿ ಹನಿಯಾಗಿ ನಿಂತಿರುತ್ತದೆ. ಹುಷಾರಾಗಿ ಮಡಚದಿದ್ದರೆ ಅದೂ ಅಡಿಕೆಗೇ.

ಮರ ಹತ್ತುವುದಕ್ಕೆ ಸಜಿಪಮೂಡದ ಗಣಪತಿ ಭಟ್ಟರು ಸ್ಕೂಟರಿನ ಹಾಗಿನ ಯಂತ್ರವನ್ನೇ ಮಾಡಿದರು, 2019ರಲ್ಲಿ ಅದರ ವಿಡಿಯೋ ದೇಶವೆಲ್ಲ ಓಡಾಡಿತು. ನೆಲದಲ್ಲೇ ನಿಂತು ಕೊಯ್ಯಲು, ಮದ್ದು ಬಿಡಲು ಕಾರ್ಬನ್ ಫೈಬರ್ ದೋಟಿ ಬಂತು. ಸುಲಿಯುವ ಯಂತ್ರವಂತೂ ಎಷ್ಟು ನಮೂನೆಯದ್ದು. ಕೊಯ್ಲಿಗೂ ಸುಲಿಯುವುದಕ್ಕೂ ನಡುವಿನ ಒಂದೂವರೆ ತಿಂಗಳಿಗೆ ಮಾತ್ರ ಅದೇ ಟರ್ಪಾಲು, ಅದೇ ಮನೆ ಹೆಂಗಸರು. ನನಗೆ ಅನಿಸುವುದು ಇಷ್ಟೇ: ಕೊಯ್ಯುವವರಿಗೆ, ಸುಲಿಯುವವರಿಗೆ ಸಂಬಳ ಕೊಡಬೇಕು. ಆಳು ಸಿಗದಿದ್ದಾಗ ಅದು ಸಮಸ್ಯೆ ಅಂತ ಲೆಕ್ಕಕ್ಕೆ ಬಂತು, ಯಂತ್ರವೂ ಬಂತು. ಅಂಗಳಕ್ಕೆ ಓಡುವವರಿಗೆ ಯಾರೂ ಸಂಬಳ ಕೊಡುವುದಿಲ್ಲ.

ನನಗೆ ಬೇಕಾದದ್ದು ಒಬ್ಬಳೇ ಎಳೆದು ಮುಚ್ಚುವ ಹಾಗಿನದ್ದು. ಕರೆಂಟ್ ಇಲ್ಲದೆಯೂ ಆಗಬೇಕು. ಮೇ ತಿಂಗಳಲ್ಲಿ ಮನೆಯಲ್ಲಿ ಪೂಜೆಯೋ ಮದುವೆಯೋ ಇದ್ದರೆ ಅಂಗಳ ಖಾಲಿ ಮಾಡಿಕೊಳ್ಳುವ ಹಾಗೂ ಇರಬೇಕು. ಇಂಥದ್ದು ಎಲ್ಲಾದರೂ ಇದೆಯಾ? ಇಲ್ಲದಿದ್ದರೆ ಮಾಡುವವರು ಇದ್ದೀರಾ?

---

ಪ್ರಶಾಂತ್ (ಬೆಂಗಳೂರು)

ಸವಿತಕ್ಕ, ಇದು ಆಗದ ಕೆಲಸ ಏನಲ್ಲ. ಹನಿ ಬಿದ್ದರೆ ತಿಳಿಯುವ ಸೆನ್ಸರ್ ತುಂಬಾ ಕಮ್ಮಿ ಬೆಲೆಗೆ ಸಿಗುತ್ತದೆ. ಅದನ್ನು ಒಂದು ಸಣ್ಣ ಬೋರ್ಡಿಗೆ ಜೋಡಿಸಿ ಮೋಟಾರ್ ತಿರುಗಿಸಿದರೆ ಹೊದಿಕೆ ತಾನಾಗಿ ಬರುತ್ತದೆ, ನಿಮ್ಮ ಫೋನಿಗೂ ಮೆಸೇಜ್ ಬರುತ್ತದೆ. ಮುನ್ಸೂಚನೆಗೆ ರಾಜ್ಯದ ವರುಣಮಿತ್ರ ಸಹಾಯವಾಣಿ ಇದೆ. ಸಿಡಿಲಿಗೆ ದಾಮಿನಿ ಆ್ಯಪ್ ಇದೆ. ಇವನ್ನೆಲ್ಲ ಒಟ್ಟು ಸೇರಿಸಿದರೆ ಒಳ್ಳೆ ಪ್ರಾಡಕ್ಟ್ ಆಗುತ್ತದೆ.

---

ಸವಿತಾ

ಪ್ರಶಾಂತ್, ಬೇಜಾರು ಮಾಡ್ಕೋಬೇಡಿ. ಮಳೆ ಬಂತು ಅಂತ ನನಗೆ ಫೋನ್ ಹೇಳಬೇಕಾಗಿಲ್ಲ ಮಾರಾಯ್ರೆ. ಆಚೆ ಗುಡ್ಡದ ರಬ್ಬರ್ ತೋಟಕ್ಕೆ ಬಿದ್ದ ಸದ್ದು ಅಡುಗೆಮನೆಗೇ ಕೇಳುತ್ತದೆ. ಮುನ್ಸೂಚನೆ ಸುತ್ತಲಿನ ಊರುಗಳಿಗೆಲ್ಲ ಒಟ್ಟಿಗೆ ಕೊಡುತ್ತಾರೆ, ಮಳೆ ಈ ಗುಡ್ಡಕ್ಕೆ ಬಂದು ಆ ಗುಡ್ಡಕ್ಕೆ ಬರುವುದಿಲ್ಲ. 2024ರ ಡಿಸೆಂಬರ್ ಶುರುವಿನಲ್ಲಿ ಫೆಂಗಲ್ ಚಂಡಮಾರುತದ ಬಾಲ ನಮ್ಮ ಜಿಲ್ಲೆಗೆ ಬಡಿದಾಗ ಮಾತ್ರ ಮುಂಚೆಯೇ ಗೊತ್ತಿತ್ತು. ಗೊತ್ತಿದ್ದೂ ಮಾಡಿದ್ದು ಅದೇ, ಟರ್ಪಾಲು ಎಳೆದದ್ದು.

ಇನ್ನು ಮೋಟಾರ್. ಗುಡುಗು ಶುರುವಾದ ಕೂಡಲೇ ಕರೆಂಟ್ ಹೋಗುತ್ತದೆ. ಹೋಗದಿದ್ದರೆ ನಾವೇ ಟಿವಿ, ರೂಟರ್, ಇನ್ವರ್ಟರ್ ಎಲ್ಲದರ ಪ್ಲಗ್ ಕೀಳುತ್ತೇವೆ. ನಿಮ್ಮ ಬೋರ್ಡಿಗೆ ಕೆಲಸ ಇರುವ ಹೊತ್ತಿಗೆ ಸರಿಯಾಗಿ ಅದನ್ನೂ ಕಿತ್ತು ಒಳಗಿಡಬೇಕಾಗುತ್ತದೆ.

---

ಬಾಲಣ್ಣ (ಪುತ್ತೂರು)

ಸೋಲಾರ್ ಗೂಡು ಹಾಕಿಸಿ ಸವಿತಕ್ಕ. ಜಿಐ ಪೈಪಿನ ಚೌಕಟ್ಟು, ಮೇಲೆ 200 ಮೈಕ್ರಾನಿನ ಯುವಿ ಶೀಟ್ (ಬಿಸಿಲಿಗೆ ಬೇಗ ಹಾಳಾಗದ ಪ್ಲಾಸ್ಟಿಕ್). ನಮ್ಮಲ್ಲಿ ಇದೆ, ಮಳೆ ಬಂದರೂ ಕೂತು ಚಹಾ ಕುಡಿಯಬಹುದು. ಅಂಗಳಕ್ಕಿಂತ ಬೇಗವೂ ಒಣಗುತ್ತದೆ.

ಆದರೆ ಮಾಡಿಕೊಡುವವರು ಹೇಳದ ಸಂಗತಿ ಕೆಲವಿವೆ. ಹಸಿ ಅಡಿಕೆ ಹಾಕಿದಾಗ ಮೇಲೆ ಆವಿ ಹೋಗಲು ದಾರಿ ಇಲ್ಲದಿದ್ದರೆ ನಿಮ್ಮ ಟರ್ಪಾಲಿನ ಕಥೆಯೇ ದೊಡ್ಡದಾಗಿ ಆಗುತ್ತದೆ, ಶೀಟಿನಿಂದ ತೊಟ್ಟಿಕ್ಕುತ್ತದೆ. ಎರಡೂ ತುದಿಯ ಮಾಡಿನ ಹತ್ತಿರ ಕಿಂಡಿ ಬಿಡಿಸಿ, ಅದಕ್ಕೆ ಬಲೆ ಹಾಕಿಸಿ. ಮಂಗ ಒಮ್ಮೆ ಹಾರಿದರೆ ಶೀಟ್ ಹರಿಯಿತು ಅಂತಲೇ ಲೆಕ್ಕ. ಮತ್ತೆ ಮಗುಚಲು ಒಳಗೆ ಹೋಗುವುದು ಬೆಳಿಗ್ಗೆ ಮಾತ್ರ. ಮಧ್ಯಾಹ್ನ ಹೋದರೆ ನೀವೇ ಚಾಲಿ ಆಗ್ತೀರಿ. ಇಡೀ ಫಸಲಿಗೆ ಸಾಲುವಷ್ಟು ದೊಡ್ಡದು ಬೇಡ. ಮೊದಲ ಕೊಯ್ಲಿಗೆ ಆಗುವಷ್ಟು ಇದ್ದರೆ ಸಾಕು. ಜನವರಿ, ಫೆಬ್ರವರಿಗೆ ಅಂಗಳವೇ ಒಳ್ಳೆಯದು.

---

ಕಾಫಿ ಕಣ (ಮೂಡಿಗೆರೆ)

ಅಡಿಕೆಯವರು ಮಾತ್ರ ಅಲ್ಲ ಸವಿತಾ ಅವರೇ, ನಾವೂ ಇದ್ದೇವೆ. ಅರೇಬಿಕಾ ಕಾಫಿ ನವೆಂಬರಿಗೆ ಕಣಕ್ಕೆ ಬರುತ್ತದೆ. ಅದು ಮುಗಿಯುವಾಗ ರೋಬಸ್ಟಾ. ಹಣ್ಣನ್ನೇ ಚೆರ್ರಿಯಾಗಿ ಒಣಗಿಸಿದರೆ ಎರಡು ವಾರ ಸುಲಭಕ್ಕೆ ಹಿಡಿಯುತ್ತದೆ. ನಮ್ಮದು ಇನ್ನೂ ವಿಚಿತ್ರ. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ, ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ, ಬರಲಿ ಅಂತ ಆಕಾಶ ನೋಡುತ್ತೇವೆ, ಬಾರದಿದ್ದರೆ ದುಡ್ಡು ಸುರಿದು ಸ್ಪ್ರಿಂಕ್ಲರ್ ಹಾಕುತ್ತೇವೆ. ಅದೇ ಹೊತ್ತಿಗೆ ಕಣದಲ್ಲಿ ಕೊನೆಯ ಚೆರ್ರಿ ಇನ್ನೂ ಒಣಗುತ್ತಿರುತ್ತದೆ. ಗಿಡಕ್ಕೆ ಬರಲಿ, ಕಣಕ್ಕೆ ಬೇಡ ಅಂದರೆ ಮಳೆ ಕೇಳುತ್ತದಾ?

ವರ್ಷಕ್ಕೆ ನಾಲ್ಕು ತಿಂಗಳಿಗೆ ಬೇಕಾಗುವ ವಸ್ತುವಿಗೆ ಮಾರ್ಕೆಟ್ ಎಲ್ಲಿದೆ ಅಂತ ಬಂಡವಾಳ ಹಾಕುವವರು ಕೇಳಬಹುದು. ಕಾಫಿ, ಅಡಿಕೆ, ಕಾಳುಮೆಣಸು, ಕೊಬ್ಬರಿ, ಕೋಕೋ ಬೀಜ, ಎಲ್ಲವೂ ಇದೇ ಬಿಸಿಲನ್ನು ನಂಬಿವೆ. ಅಳತೆ ಬೇರೆ ಬೇರೆ, ಓಟ ಒಂದೇ.

---

ವೆಲ್ಡರ್ (ಉಜಿರೆ)

ಗೇಟು, ಶೀಟಿನ ಮಾಡು ಮಾಡುವವನು ನಾನು. ಲೆಕ್ಕ ಹಾಕಿ ನೋಡಿ. 40ಕ್ಕೆ 30 ಅಡಿ ಅಂಗಳ ಅಂದರೆ ಸುಮಾರು 110 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. 20 ಮಿ.ಮೀ. ಒಂದು ಹೊಡೆತಕ್ಕೆ ಬಿದ್ದರೆ 2,200 ಲೀಟರ್, ಎರಡು ಟನ್ನಿನ ಮೇಲೆ. ಹೊದಿಕೆ ಚಪ್ಪಟೆಯಾಗಿ ಎಳೆದರೆ ನಡುವಲ್ಲಿ ಕೆರೆ ಆಗಿ ಹರಿದು ಬೀಳುತ್ತದೆ. ಹಾಗಾಗಿ ಇಳಿಜಾರು ಬೇಕೇ ಬೇಕು. ನೀರಿಗಿಂತ ಗಾಳಿಯೇ ಕಷ್ಟ, ಅಡಿಯಿಂದ ಎತ್ತುತ್ತದೆ.

ಪಾಲಿಹೌಸಿನ (ಗಿಡ ಬೆಳೆಸುವ ಪ್ಲಾಸ್ಟಿಕ್ ಮನೆ) ಬದಿಯ ಪರದೆ ನೋಡಿದ್ದೀರಾ? ಒಂದು ಉದ್ದ ಪೈಪಿಗೆ ಶೀಟ್ ಸುತ್ತಿರುತ್ತದೆ, ತುದಿಯಲ್ಲಿ ಕೈಯಲ್ಲಿ ತಿರುಗಿಸುವ ಗೇರ್. ಒಬ್ಬರೇ ತಿರುಗಿಸಿ ಮೇಲೆ ಕೆಳಗೆ ಮಾಡುತ್ತಾರೆ. ಕರೆಂಟ್ ಬೇಡ. ಅದನ್ನೇ ಇಲ್ಲಿ ಬಳಸಬಹುದು ಅಂತ ನನ್ನ ಯೋಚನೆ. ಇಡೀ ಅಂಗಳಕ್ಕೆ ಒಂದೇ ಹೊದಿಕೆ ಬೇಡ. ಹತ್ತು ಹತ್ತು ಅಡಿ ಅಗಲದ ಮೂರು ಪಟ್ಟಿ ಮಾಡಿ. ಪ್ರತಿ ಪಟ್ಟಿಗೂ ನಡುವೆ ಸೊಂಟದೆತ್ತರದ ಏಣು, ಶೀಟು ಅದರಿಂದ ಎರಡೂ ಬದಿಗೆ ಇಳಿಯಬೇಕು. ಕಂಬಗಳನ್ನು ನೆಲದ ಪೈಪಿನೊಳಗೆ ಇಳಿಸಿ ಬೋಲ್ಟ್ ಹಾಕಿದರೆ ಮೇ ತಿಂಗಳಲ್ಲಿ ಕಳಚಬಹುದು. ಶೀಟಿನ ಅಂಚಿಗೆ ಭಾರದ ಪೈಪ್ ಇರುವುದರಿಂದ ಮುರಕಲ್ಲು ಹೊರುವುದು ತಪ್ಪುತ್ತದೆ. ಜೋರು ಗಾಳಿಗೆ ಅದು ಸಾಲುವುದಿಲ್ಲ, ಕೊಕ್ಕೆ ಹಾಕಲೇಬೇಕು.

ಅಂಗಳ ಸಿಮೆಂಟಿನದ್ದಾ, ಮಣ್ಣಿನದ್ದಾ? ನೀರು ಯಾವ ಕಡೆ ಹರಿಯುತ್ತದೆ?

---

ಸವಿತಾ

ಸಿಮೆಂಟು. ನೀರು ಕೊಟ್ಟಿಗೆ ಕಡೆಗೆ ಹರಿಯುತ್ತದೆ, ಅಲ್ಲಿ ಚರಂಡಿ ಇದೆ. ಸೊಂಟದೆತ್ತರ ಅಂದರೆ ಕಾಲೆಳೆದು ಮಗುಚಲು ಅಡ್ಡ ಬರುವುದಿಲ್ಲವಾ? ಏಣಿನ ಎರಡೂ ಬದಿಯಲ್ಲಿ ನಡೆಯಲು ಜಾಗ ಸಿಗುವುದಾದರೆ ಅಡ್ಡಿ ಇಲ್ಲ. ಕೊಕ್ಕೆ ಕೂತು ಹಾಕುವ ಹಾಗಿರಬಾರದು, ಅತ್ತೆಗೆ ಬಗ್ಗಲಾಗುವುದಿಲ್ಲ. ಗೇರ್ ತಿರುಗಿಸುವುದಾದರೆ ತಾನೇ ಮಾಡುತ್ತೇನೆ ಅಂತ ಈಗಲೇ ಹೇಳುತ್ತಿದ್ದಾರೆ.

ಬಾಲಣ್ಣ, ನಿಮ್ಮ ಗೂಡಿನ ಕಿಂಡಿಯದ್ದು ಒಂದು ಫೋಟೋ ಹಾಕಿ. ವೆಲ್ಡರಣ್ಣ, ಮೊದಲು ಒಂದು ಪಟ್ಟಿ ಮಾತ್ರ ಮಾಡಿ ನೋಡುವ. ಖರ್ಚು ಎಷ್ಟು ಅಂತ ಬರೆಯಿರಿ, ಅಳತೆ ನಾಳೆ ಇವರ ಹತ್ತಿರ ಟೇಪ್ ಹಿಡಿಸಿ ಕಳಿಸುತ್ತೇನೆ.