ಬ್ಲಾಗ್ ಬರಹಕ್ಕೆ ಬಹುಕಾಲ ಬಾಳುವ ವೇಗ ಯಾವುದು? ಅನುಭವಸ್ಥರು ತಿಳಿಸಿ

ಅರ್ಧ ಕರಡು (ಪ್ರಶ್ನೆ)
ಹದಿನಾಲ್ಕು ತಿಂಗಳಿಂದ ರಾತ್ರಿ ಆಕಾಶದ ವೀಕ್ಷಣೆಯ ಬಗ್ಗೆ ಬ್ಲಾಗ್ ಬರೆಯುತ್ತಿದ್ದೇನೆ. ಹಗಲಿಗೆ ಪೂರ್ಣಾವಧಿಯ ನೌಕರಿ ಇದೆ. ಮೊದಲ ಆರು ತಿಂಗಳು ವಾರಕ್ಕೆ ಮೂರರಂತೆ ಪ್ರಕಟಿಸಿದೆ, ಆಮೇಲೆ ಅದು ಎರಡಾಯಿತು, ಈಗ ಐದು ವಾರಗಳಿಂದ ಒಂದೂ ಇಲ್ಲ. 23 ಕರಡುಗಳು ನಡುವೆ ನಿಂತಿವೆ. ದೂರದರ್ಶಕಕ್ಕೆ ಕಣ್ಣಿಟ್ಟಾಗಲೂ ಇದನ್ನು ಹೇಗೆ ಬರೆಯಲಿ ಎಂಬ ಯೋಚನೆಯೇ ಮೊದಲು ಬರುತ್ತದೆ. ಕಂಡದ್ದು ಮನಸ್ಸಿಗೆ ಇಳಿಯುವುದಿಲ್ಲ. ವರ್ಷಗಟ್ಟಲೆ ಬರೆದವರು ನಿಮ್ಮ ವೇಗವನ್ನು ಹೇಗೆ ಕಂಡುಕೊಂಡಿರಿ? ಬಿಡುವು ತೆಗೆದುಕೊಂಡರೆ ಓದುಗರಿಗೆ ಮೊದಲೇ ಹೇಳಬೇಕೇ?

ನಿತ್ಯಬರಹ
ದಿನವೂ ಬರೆಯಿರಿ. ನಾನು ಹಳೆಯ ಗಡಿಯಾರಗಳ ದುರಸ್ತಿಯ ಬಗ್ಗೆ ಬರೆಯುವವನು. 2016ರ ಜನವರಿ 1ರಂದು ಮೊದಲ ಬರಹ ಹಾಕಿದೆ. ಅದು ಅಧಿಕ ವರ್ಷವಾದ್ದರಿಂದ ಡಿಸೆಂಬರ್ 31ಕ್ಕೆ ಲೆಕ್ಕ 366ಕ್ಕೆ ಮುಟ್ಟಿತ್ತು, ಒಂದು ದಿನವೂ ತಪ್ಪಿರಲಿಲ್ಲ. ಅದಕ್ಕೆ ತೆತ್ತದ್ದನ್ನೂ ಮುಚ್ಚಿಡುವುದಿಲ್ಲ. ಬೆಳಗಿನ 4:30ಕ್ಕೆ ಎದ್ದು 6:15ರವರೆಗೆ ಕೂರುತ್ತಿದ್ದೆ. ಮೇ ತಿಂಗಳಲ್ಲಿ ಬಲ ಮಣಿಕಟ್ಟು ಊದಿಕೊಂಡು, ಏಳು ವಾರ ಪಟ್ಟಿ ಕಟ್ಟಿಸಿಕೊಂಡು ಎಡಗೈಯೊಂದರಿಂದಲೇ ಕೀಲಿ ಒತ್ತಿದೆ. 35 ನಿಮಿಷದಲ್ಲಿ ಮುಗಿಯುತ್ತಿದ್ದ 400 ಪದಗಳಿಗೆ 80 ನಿಮಿಷ ಹಿಡಿಯತೊಡಗಿತು. ಅದರ ಹಿಂದಿನ ವರ್ಷ 19 ಗಡಿಯಾರಗಳನ್ನು ಬಿಚ್ಚಿ ಜೋಡಿಸಿದ್ದವನು ಆ ವರ್ಷ ಎರಡನ್ನಷ್ಟೇ ಮುಟ್ಟಿದೆ. ಆದರೂ ನನಗೆ ಪಶ್ಚಾತ್ತಾಪವಿಲ್ಲ. ಇವತ್ತು ಬರೆಯಬೇಕೇ ಬೇಡವೇ ಎಂಬ ಪ್ರಶ್ನೆಯೇ ಬಾರದಿದ್ದರೆ ಮನಸ್ಸಿನ ಅರ್ಧ ಭಾರ ಇಳಿಯುತ್ತದೆ. ವಾರಕ್ಕೊಂದು ಎಂದು ಇಟ್ಟುಕೊಂಡವರು ಆರು ದಿನ ಮುಂದೂಡಿ ಏಳನೆಯ ದಿನ ನರಳುವುದನ್ನು ಬೇಕಾದಷ್ಟು ನೋಡಿದ್ದೇನೆ.

ಬಡ್ಡಿ ಲೆಕ್ಕ
ಈ ಮಾತನ್ನು ನಂಬಿಯೇ ನಾನು ಕೆಟ್ಟೆ, ಆದ್ದರಿಂದ ವಿವರವಾಗಿ ಹೇಳುತ್ತೇನೆ. ನನ್ನ ಬ್ಲಾಗ್ ಸಾಲ ಮತ್ತು ಉಳಿತಾಯದ ಲೆಕ್ಕಾಚಾರದ್ದು. ಒಂದು ಬರಹಕ್ಕೆ ಬರೆಯಲು ಎರಡೂವರೆ ಗಂಟೆ, ಲೆಕ್ಕವನ್ನು ಮರುಪರಿಶೀಲಿಸಲು ಒಂದು ಗಂಟೆ, ಚಿತ್ರ ಮತ್ತು ಕೋಷ್ಟಕಕ್ಕೆ 40 ನಿಮಿಷ, ಓದುಗರಿಗೆ ಉತ್ತರಿಸಲು 50 ನಿಮಿಷ, ಒಟ್ಟು ಐದು ಗಂಟೆ ಬೇಕಾಗುತ್ತಿತ್ತು. ವಾರಕ್ಕೆ ಮೂರು ಬರಹವೆಂದರೆ 15 ಗಂಟೆ. ನನ್ನ ಬಳಿ ಇದ್ದದ್ದು 12. ಉಳಿದ ಮೂರು ಗಂಟೆಯನ್ನು ಎಲ್ಲಿಂದ ಕತ್ತರಿಸಿದೆ ಎಂಬುದನ್ನು ಊಹಿಸಬಹುದು: ಮರುಪರಿಶೀಲನೆಯನ್ನೇ ಕೈಬಿಟ್ಟೆ.

ಹತ್ತು ತಿಂಗಳು ಏನೂ ಆಗಲಿಲ್ಲ. ಹನ್ನೊಂದನೆಯ ತಿಂಗಳಲ್ಲಿ, ಮೂರು ವರ್ಷದ ಸಾಲಕ್ಕೆ ಶೇಕಡಾ 10ರ ಫ್ಲಾಟ್ ದರವು ಇಳಿಯುವ ಬಾಕಿಯ ಮೇಲಿನ ಶೇಕಡಾ 12ಕ್ಕಿಂತ ಅಗ್ಗವೆಂದು ಬರೆದುಬಿಟ್ಟೆ. ಫ್ಲಾಟ್ ದರದಲ್ಲಿ ಅಸಲು ತೀರುತ್ತಾ ಬಂದರೂ ಬಡ್ಡಿಯನ್ನು ಕೊನೆಯವರೆಗೂ ಮೊದಲ ದಿನದ ಪೂರ್ತಿ ಮೊತ್ತದ ಮೇಲೆಯೇ ಹಾಕುತ್ತಾರೆ. ಹಾಗಾಗಿ ಆ ಶೇಕಡಾ 10 ವಾಸ್ತವದಲ್ಲಿ ಸುಮಾರು ಶೇಕಡಾ 18ಕ್ಕೆ ಸಮ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ, ಇದೇ ಬ್ಲಾಗಿನಲ್ಲಿ ಹಿಂದೆ ಎರಡು ಸಲ ವಿವರಿಸಿದ್ದೆ. ರಾತ್ರಿ ಹನ್ನೆರಡರ ಮೇಲೆ ದಣಿದು ಬರೆದಾಗ ತಿರುವುಮುರುವಾಯಿತು. ಒಬ್ಬ ಓದುಗರು ಅದನ್ನು ಓದಿ ಸಾಲದ ಕಾಗದಕ್ಕೆ ಸಹಿ ಹಾಕಿದ ಮೇಲೆ ನನಗೆ ಪತ್ರ ಬರೆದರು. ಅವರು ಬೈಯ್ಯಲಿಲ್ಲ, ಅದೇ ನನಗೆ ಹೆಚ್ಚು ನೋವು ಕೊಟ್ಟಿತು. ಆಮೇಲೆ ಹಳೆಯ 131 ಬರಹಗಳನ್ನೂ ಕುಳಿತು ಪರಿಶೀಲಿಸಿದೆ. ಒಂಬತ್ತರಲ್ಲಿ ತಪ್ಪು ಸಿಕ್ಕಿತು. ಈಗ ಎರಡು ವಾರಕ್ಕೊಂದು ಬರೆಯುತ್ತೇನೆ, ಬರೆದ ದಿನ ಪ್ರಕಟಿಸುವುದಿಲ್ಲ.

ನಿತ್ಯಬರಹ
ಮೇಡಂ, ನಿಮ್ಮ ಓದುಗರಿಗೆ ಆದದ್ದಕ್ಕೆ ನನಗೆ ವ್ಯಥೆಯಿದೆ, ಆದರೆ ಅದು ಪರಿಶೀಲಿಸದೆ ಪ್ರಕಟಿಸಿದ ತಪ್ಪು. ಅದನ್ನು ವೇಗದ ತಲೆಗೆ ಕಟ್ಟುವುದು ನ್ಯಾಯವಲ್ಲ. ತಿಂಗಳಿಗೊಂದು ಬರೆದು ತಪ್ಪು ಮಾಡುವವರೂ ಇದ್ದಾರೆ. ನಾನು ಚಿಕ್ಕದಾಗಿ, ದಿನಕ್ಕೆ ಒಂದೇ ವಿಷಯ ಬರೆಯುತ್ತಿದ್ದೆ. ನೀವು ಪ್ರತಿ ಸಲವೂ ದೊಡ್ಡ ಲೇಖನಕ್ಕೆ ಕೈ ಹಾಕಿದಿರಿ.

ಬಡ್ಡಿ ಲೆಕ್ಕ
ನಿಮ್ಮ ಮಾತಿನಲ್ಲೇ ಉತ್ತರವಿದೆ, ಸರ್. ಹತ್ತೊಂಬತ್ತು ಗಡಿಯಾರ ಎರಡಕ್ಕೆ ಇಳಿಯಿತು ಎಂದಿರಿ. ಗಡಿಯಾರ ಮುಟ್ಟದ ಕೈ ಗಡಿಯಾರದ ಬಗ್ಗೆ 366 ದಿನ ಏನು ಬರೆಯಿತು? ಪ್ರಶ್ನೆ ಕೇಳಿದವರಿಗೂ ಇದೇ ಆಗಿದೆ: ಅವರು ಆಕಾಶ ನೋಡುವುದನ್ನೇ ಕಳೆದುಕೊಳ್ಳುತ್ತಿದ್ದಾರೆ.

ನಿತ್ಯಬರಹ
ಹಿಂದಿನ ಇಪ್ಪತ್ತು ವರ್ಷಗಳ ಟಿಪ್ಪಣಿ ಪುಸ್ತಕಗಳು ನನ್ನ ಬಳಿ ಇದ್ದವು, ಅವನ್ನು ಬರೆಯಿತು. ನೋಡದೆ ತೀರ್ಪು ಕೊಡಬೇಡಿ.

ಸರ್ವರ್ ಕಾವಲು
ಇಬ್ಬರೂ ದಾಸ್ತಾನಿನ ಮಾತೇ ಎತ್ತಲಿಲ್ಲ. ಬರೆಯುವ ವೇಗ ಬೇರೆ, ಪ್ರಕಟಿಸುವ ವೇಗ ಬೇರೆ. ನಾನು ಹುಮ್ಮಸ್ಸಿದ್ದಾಗ ಎಂಟು ಬರಹ ಸಿದ್ಧಪಡಿಸಿ, ದಿನಾಂಕ ನಿಗದಿ ಮಾಡಿ, ವಾರಕ್ಕೊಂದು ತಾನಾಗಿಯೇ ಹೊರಬರುವಂತೆ ಇಡುತ್ತೇನೆ. ಆದರೆ ಇದರಲ್ಲೂ ಪೆಟ್ಟು ತಿಂದಿದ್ದೇನೆ. ನನ್ನ ಬ್ಲಾಗ್ ನಡೆಸುವ ತಂತ್ರಾಂಶ ವರ್ಡ್‌ಪ್ರೆಸ್. ನಿಗದಿತ ಕೆಲಸಗಳನ್ನು ನಡೆಸುವ ಅದರ ಒಳಗಡಿಯಾರವಾದ ಡಬ್ಲ್ಯೂಪಿ-ಕ್ರಾನ್ ತನ್ನಷ್ಟಕ್ಕೆ ಓಡುವುದಿಲ್ಲ. ಯಾರಾದರೂ ತಾಣಕ್ಕೆ ಭೇಟಿ ಕೊಟ್ಟಾಗ ಮಾತ್ರ ಅದು ಎಚ್ಚೆತ್ತು, ಬಾಕಿ ಕೆಲಸವಿದೆಯೇ ಎಂದು ನೋಡುತ್ತದೆ. ನನ್ನದು ಓದುಗರು ಕಡಿಮೆಯಿರುವ ತಾಣ, ಮೇಲಾಗಿ ಕ್ಯಾಶೆ ಪುಟಗಳನ್ನೇ, ಅಂದರೆ ಮೊದಲೇ ಉಳಿಸಿಟ್ಟ ಪ್ರತಿಗಳನ್ನೇ ಬಡಿಸುತ್ತಿದ್ದರಿಂದ, ಯಾರಾದರೂ ಬಂದರೂ ಕ್ರಾನ್ ಎಚ್ಚರಗೊಳ್ಳುತ್ತಿರಲಿಲ್ಲ. ಆರು ವಾರ ಬಿಡುವಿನಲ್ಲಿದ್ದು ಮರಳಿ ನೋಡಿದರೆ ಆರರಲ್ಲಿ ನಾಲ್ಕು ಬರಹಗಳು ಹೊರಬಂದೇ ಇರಲಿಲ್ಲ.

ಅದೇ ವರ್ಷ ಸರ್ವರ್ ಬದಲಿಸುವಾಗ ಕೊಂಡಿಗಳ ಮಾದರಿಯನ್ನೂ ಬದಲಿಸಿ, 301 ಮರುನಿರ್ದೇಶನ (ಹಳೆಯ ಕೊಂಡಿ ಒತ್ತಿದವರನ್ನು ಹೊಸ ವಿಳಾಸಕ್ಕೆ ಕಳುಹಿಸುವ ಸೂಚನೆ) ಹಾಕಲು ಮರೆತೆ. 212 ಹಳೆಯ ಕೊಂಡಿಗಳು ಮುರಿದವು. ಅವನ್ನು ಸರಿಪಡಿಸಲು ಸಂಜೆಗೆ ಒಂದು ಗಂಟೆಯಂತೆ ಎರಡು ತಿಂಗಳು ಹೋಯಿತು, ಆ ಎರಡು ತಿಂಗಳು ಹೊಸದೇನೂ ಬರೆಯಲಿಲ್ಲ. ವೇಗದ ಲೆಕ್ಕ ಹಾಕುವವರು ಈ ನಿರ್ವಹಣೆಯ ಗಂಟೆಗಳನ್ನು ಎಂದೂ ಸೇರಿಸುವುದಿಲ್ಲ.

ಫೀಡ್ ಓದುಗ
ದಾಸ್ತಾನನ್ನು ನಾನು ಒಪ್ಪುವುದಿಲ್ಲ. ಬರಹ ಹೊರಬಂದ ದಿನ ಓದುಗರು ಪ್ರಶ್ನೆ ಕೇಳುತ್ತಾರೆ, ಉತ್ತರಿಸಬೇಕಾದವರು ಅಲ್ಲಿರುವುದಿಲ್ಲ. ಅದು ಮನೆಯ ದೀಪ ಹಚ್ಚಿಟ್ಟು ಊರಿಗೆ ಹೋದ ಹಾಗೆ.

ನಾನು 2005ರಿಂದ ಬರೆಯುತ್ತಿದ್ದೇನೆ. ಆಗ ವೇಗದ ಚಿಂತೆ ಇಷ್ಟಿರಲಿಲ್ಲ. ಓದುಗರು ಆರ್‌ಎಸ್‌ಎಸ್ ಫೀಡ್ (ತಾಣದ ಹೊಸ ಬರಹಗಳನ್ನು ಓದುಗರಿಗೆ ತಲುಪಿಸುವ ವ್ಯವಸ್ಥೆ) ಹಿಡಿದಿರುತ್ತಿದ್ದರು. ಮೂರು ತಿಂಗಳು ಬಿಟ್ಟು ಬರೆದರೂ ಆ ಬರಹ ತಾನಾಗಿ ಅವರ ಮುಂದೆ ಹೋಗಿ ನಿಲ್ಲುತ್ತಿತ್ತು. 2013ರ ಜುಲೈ 1ರಂದು, ಇಂಥ ಫೀಡ್‌ಗಳನ್ನು ಓದುವ ಸೇವೆಯಾದ ಗೂಗಲ್ ರೀಡರ್ ಮುಚ್ಚಿದಾಗ ನನ್ನ ಓದುಗರಲ್ಲಿ ಹೆಚ್ಚಿನವರು ಬೇರೆ ರೀಡರ್ ಹುಡುಕಲೇ ಇಲ್ಲ. ಅಲ್ಲಿಂದ ಮುಂದೆ ಸಾಮಾಜಿಕ ಜಾಲಗಳ ಹರಿವಿನಲ್ಲಿ ಕಾಣಿಸಿಕೊಳ್ಳಲು ಮತ್ತೆ ಮತ್ತೆ ಬರೆಯಬೇಕಾಯಿತು, ನಾಲ್ಕು ವರ್ಷ ಹಾಗೆ ಓಡಿ ಸೋತೆ. ಈಗ ಇಮೇಲ್ ಚಂದಾದಾರರು 340 ಜನ ಇದ್ದಾರೆ. ಸಿದ್ಧವಾದಾಗ ಕಳುಹಿಸುತ್ತೇನೆ. ಕಳೆದ ವರ್ಷ 17 ಸಲ ಕಳುಹಿಸಿದೆ.

ಸರ್ವರ್ ಕಾವಲು
ಊರಿಗೆ ಹೋಗುವ ಮೊದಲೇ “ಉತ್ತರ ತಡವಾಗುತ್ತದೆ” ಎಂದು ಪ್ರತಿ ಬರಹದ ಕೆಳಗೆ ಬರೆದಿಟ್ಟಿದ್ದೆ. ಅದನ್ನು ಮೋಸವೆಂಬಂತೆ ಚಿತ್ರಿಸಿದ್ದು ನನಗೆ ಸರಿಬರಲಿಲ್ಲ.

ಮುಚ್ಚಿದ ಕದ
ನನಗೆ ಬಂದದ್ದು ಬರ್ನ್‌ಔಟ್ ಎಂಬ ಕಾಯಿಲೆ. ಎಂಟು ವರ್ಷದ ಬ್ಲಾಗನ್ನು ಒಂದು ಸಂಜೆ ಅಳಿಸಿದೆ. ಪ್ರತಿಯನ್ನೂ ಉಳಿಸಿಕೊಳ್ಳಲಿಲ್ಲ. ಕೊನೆಯ ವರ್ಷದಲ್ಲಿ ಓದುಗರ ಒಳ್ಳೆಯ ಮಾತು ಬಂದರೂ ಇನ್ನೊಂದು ಉತ್ತರ ಬರೆಯಬೇಕಲ್ಲ ಎಂದು ಸಿಟ್ಟು ಬರುತ್ತಿತ್ತು. ಅಳಿಸಿದ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ. ಅದಾದ ಮೂರು ವಾರಕ್ಕೆ, ತಂದೆಯವರ ಬಗ್ಗೆ ನಾನೇ ಬರೆದಿದ್ದ ಒಂದು ಪುಟವನ್ನು ಓದಬೇಕೆನಿಸಿತು. ಅದು ಇರಲಿಲ್ಲ.

ಫೀಡ್ ಓದುಗ
ನಿಮ್ಮ ನೋವನ್ನು ಅಲ್ಲಗಳೆಯುವುದಿಲ್ಲ, ಆದರೂ ಪದ ಸರಿಯಿರಲಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ವೃತ್ತಿಗೆ ಸಂಬಂಧಿಸಿದ ವಿದ್ಯಮಾನವೆಂದು ವಿವರಿಸಿತು, ಕಾಯಿಲೆಯೆಂದು ವರ್ಗೀಕರಿಸಲಿಲ್ಲ. ಬಳಲಿಕೆ, ಕೆಲಸದ ಬಗ್ಗೆ ವಿಮುಖತೆ, ಸಾಮರ್ಥ್ಯ ಕುಂದಿದ ಭಾವ ಎಂಬ ಮೂರು ಲಕ್ಷಣಗಳನ್ನು ಅದು ಹೇಳುತ್ತದೆ.

ಮುಚ್ಚಿದ ಕದ
ಆ ಮೂರೂ ನನಗಿದ್ದವು. ಹೆಸರು ತಿದ್ದಿದ್ದರಿಂದ ನನ್ನ ಎಂಟು ವರ್ಷ ಮರಳಿ ಬರುವುದಿಲ್ಲ. ಪ್ರಶ್ನೆ ಕೇಳಿದವರಿಗೆ ಒಂದೇ ಮಾತು: ನಿಲ್ಲಿಸುವುದಾದರೆ ನಿಲ್ಲಿಸಿ, ಅಳಿಸಬೇಡಿ.

ಅರ್ಧ ಕರಡು
ಎಲ್ಲರಿಗೂ ವಂದನೆ. “ಬಡ್ಡಿ ಲೆಕ್ಕ” ಅವರಂತೆ ನನ್ನ ಗಂಟೆಗಳನ್ನೂ ಕೂಡಿಸಿ ನೋಡಿದೆ. ವೀಕ್ಷಣೆ ಬಿಟ್ಟು ಒಂದು ಬರಹಕ್ಕೆ ಆರೂವರೆ ಗಂಟೆ ಬೇಕು, ವಾರಕ್ಕೆ ನನಗೆ ಸಿಗುವುದು ನಾಲ್ಕು. ವಾರಕ್ಕೊಂದು ಕೂಡ ನನ್ನಿಂದ ಆಗುವ ಮಾತಾಗಿರಲಿಲ್ಲ. ಮುಂದಿನ ಅಮಾವಾಸ್ಯೆಯವರೆಗೆ ಬರೆಯುವುದಿಲ್ಲವೆಂದು ಇವತ್ತು ಬ್ಲಾಗಿನಲ್ಲಿ ಎರಡು ಸಾಲು ಹಾಕಿದ್ದೇನೆ.

ನಿತ್ಯಬರಹ
ವಾರದ ನಾಲ್ಕು ಗಂಟೆಯಲ್ಲಿ ದಿನಕ್ಕೆ ಸುಮಾರು 35 ನಿಮಿಷ ಸಿಗುತ್ತದೆ ಎಂಬುದನ್ನು ಮಾತ್ರ ನೆನಪಿಡಿ. “ಸರ್ವರ್ ಕಾವಲು” ಅವರೇ, ಮುಂದಿನ ತಿಂಗಳು ನನ್ನ ಮಣಿಕಟ್ಟಿಗೆ ಶಸ್ತ್ರಚಿಕಿತ್ಸೆಯಿದೆ. ಆ ಕ್ರಾನ್ ತೊಂದರೆಯನ್ನು ನೀವು ಹೇಗೆ ಬಗೆಹರಿಸಿದಿರಿ?

ಸರ್ವರ್ ಕಾವಲು
ವರ್ಡ್‌ಪ್ರೆಸ್‌ನ ಕಾನ್ಫಿಗ್ (ಸೆಟ್ಟಿಂಗ್‌ಗಳ) ಕಡತದಲ್ಲಿ ಅದರ ಸ್ವಂತ ಕ್ರಾನ್ ನಿಲ್ಲಿಸಿ, ಭೇಟಿಗೆ ಕಾಯದೆ ಹೊತ್ತಿಗೆ ಸರಿಯಾಗಿ ಓಡುವ ಸರ್ವರಿನ ಕ್ರಾನ್‌ನಿಂದ 15 ನಿಮಿಷಕ್ಕೊಮ್ಮೆ ಡಬ್ಲ್ಯೂಪಿ-ಕ್ರಾನ್ ಕಡತವನ್ನು ಕರೆಸಿ. ಮೊದಲ ಬರಹ ಹೊರಬಂದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಆಸ್ಪತ್ರೆಗೆ ಹೊರಡಿ, ಸರ್.