ಅಪ್‌ಡೇಟ್: ನನ್ನ ಕುದುರೆ ಮತ್ತೆ ಕಾಲೂರಿದಳು

ಹೋದ ವಾರ ಕೇಳಿದ್ದೆ: ರಾತ್ರಿ ಚೆನ್ನಾಗಿದ್ದ ನನ್ನ ಹೆಣ್ಣು ಕುದುರೆ ಬೆಳಿಗ್ಗೆ ಮುಂದಿನ ಎಡಗಾಲು ಊರುತ್ತಲೇ ಇಲ್ಲ, ಮೂಳೆ ಮುರಿದಿದೆಯಾ ಅಂತ. ಮುರಿದಿರಲಿಲ್ಲ. ಗೊರಸಿನೊಳಗೆ ಕೀವು ಕಟ್ಟಿತ್ತು.

ಡಾಕ್ಟರ್ ಮೊದಲು ಗೊರಸು ಮುಟ್ಟಿ ನೋಡಿದರು, ಬಿಸಿ ಇತ್ತು. ಆಮೇಲೆ ಗೊರಸಿನ ಮೇಲಿನ ಗೆಣ್ಣಿನ ಹಿಂದೆ ನನ್ನ ಬೆರಳಿಟ್ಟು ನಾಡಿ ತೋರಿಸಿದರು. ಬೇರೆ ಕಾಲುಗಳಲ್ಲಿ ನಾಡಿ ಹುಡುಕಬೇಕು, ಇದರಲ್ಲಿ ಜೋರಾಗಿ ಬಡಿಯುತ್ತಿತ್ತು. ಇಕ್ಕಳದಂಥ ಸಾಧನದಿಂದ ಗೊರಸಿನ ಅಡಿಯನ್ನು ಸುತ್ತಲೂ ಒತ್ತುತ್ತಾ ಬಂದರು. ಒಂದು ಕಡೆ ಒತ್ತಿದ ತಕ್ಷಣ ಕಾಲು ಕಿತ್ತುಕೊಂಡಳು. ಅಲ್ಲೇ ಸ್ವಲ್ಪ ಕೆತ್ತಿದರು. ಕಪ್ಪು ನೀರಿನಂಥ ಕೀವು, ಕೊಳೆತ ವಾಸನೆ! ಸ್ವಲ್ಪ ಹೊತ್ತಿಗೆ ಮೆಲ್ಲಗೆ ಕಾಲೂರಿದಳು. ನನಗೆ ಅಳುವೇ ಬಂತು.

ಮೊದಲೇ ನೋವಿನ ಔಷಧಿ ಕೊಡೋಣ ಅಂತ ನನಗೂ ಅನಿಸಿತ್ತು. ಕೊಡದೇ ಇದ್ದಿದ್ದು ಒಳ್ಳೆಯದಾಯಿತು. ನೋವು ಅಡಗಿದ್ದರೆ ಜಾಗ ಸಿಗುವುದೇ ಕಷ್ಟವಾಗುತ್ತಿತ್ತು ಅಂದರು ಡಾಕ್ಟರ್. ಕುದುರೆಗಳಿಗೆ ಧನುರ್ವಾಯು ಬೇಗ ತಗಲುತ್ತದೆ, ಹಾಗಾಗಿ ಆ ಇಂಜೆಕ್ಷನ್ ಕೂಡ ಆಯಿತು. ನಿಮ್ಮ ಕುದುರೆಗೆ ಹಾಕಿಸಿಲ್ಲದಿದ್ದರೆ ದಯವಿಟ್ಟು ತಡ ಮಾಡಬೇಡಿ.

ಮೂರು ದಿನ ಎಪ್ಸಮ್ ಉಪ್ಪು ಹಾಕಿದ ಬೆಚ್ಚಗಿನ ನೀರಲ್ಲಿ ಕಾಲು ಇಳಿಬಿಟ್ಟೆ. ಪಟ್ಟಿ ನಿಲ್ಲುತ್ತಲೇ ಇರಲಿಲ್ಲ. ಕೊನೆಗೆ ಮಕ್ಕಳ ಡೈಪರ್ ಸುತ್ತಿ, ಮೇಲೆ ಅಗಲದ ಟೇಪ್ ಹಾಕಿದೆ, ಸರಿಹೋಯಿತು. ಈಗ ಕೀವು ನಿಂತಿದೆ, ತೂತು ಒಣಗಿದೆ. ಇವತ್ತು ಬೆಳಿಗ್ಗೆ ಹುಲ್ಲಿನ ಬುಟ್ಟಿ ಕಂಡು ತಾನೇ ನಡೆದು ಬಂದಳು.