ಕಾಫ್ಕಾನಿಗೆ ದೇವರು ಬೇಕಿತ್ತಾ?

ಓದುಗಿ:
ಪ್ರಾಗ್ ನಗರದ ಯೆಹೂದಿ ಮನೆತನದಲ್ಲಿ ಹುಟ್ಟಿ ಜರ್ಮನ್‌ನಲ್ಲಿ ಕಥೆ ಬರೆದ ಕಾಫ್ಕಾ 1919ರಲ್ಲಿ ಅಪ್ಪನಿಗೆ ಬರೆದ ಉದ್ದನೆಯ ಪತ್ರ ಓದಿ ಮುಗಿಸಿದೆ. ಕಥೆಗಳಲ್ಲಿ ಯೆಹೂದಿಗಳ ಸುದ್ದಿಯನ್ನೇ ಹೆಚ್ಚುಕಮ್ಮಿ ಎತ್ತದವನು ಇಲ್ಲಿ ಪುಟಗಟ್ಟಲೆ ಅದನ್ನೇ ಹೇಳಿಕೊಳ್ಳುತ್ತಾನೆ. 1914ರ ದಿನಚರಿಯಲ್ಲಿ ನೋಡಿದರೆ, ಯೆಹೂದಿಗಳಿಗೂ ನನಗೂ ಏನು ಸಂಬಂಧ, ನನಗೂ ನನಗೂ ಇರುವ ಸಂಬಂಧವೇ ಅಷ್ಟಕ್ಕಷ್ಟೆ ಎಂದು ಬರೆದಿದ್ದಾನೆ. ಹಾಗಾದರೆ ಅವನಿಗೆ ದೇವರು ಬೇಕಿತ್ತಾ, ಬೇಡವಾಗಿತ್ತಾ?

ಹಳೇಪೇಟೆ:
ಬೇಡವಾಗಿತ್ತು ಅಂತಲೇ ನನಗನಿಸುತ್ತದೆ. ಅದೇ ಪತ್ರದಲ್ಲಿ ಸಿನಗಾಗ್, ಅಂದರೆ ಯೆಹೂದಿಗಳ ಪ್ರಾರ್ಥನಾ ಮಂದಿರದ ವಿಷಯ ಬರುವ ಕಡೆ ನೋಡಿ. ಅಪ್ಪ ಅಲ್ಲಿಗೆ ಹೋಗುತ್ತಿದ್ದದ್ದು ವರ್ಷಕ್ಕೆ ನಾಲ್ಕು ದಿನ. ಮಗ ಆಕಳಿಸುತ್ತಾ ತೂಕಡಿಸುತ್ತಾ ಕೂತಿರುತ್ತಿದ್ದ. ಯೆಹೂದಿಗಳ ಧರ್ಮಗ್ರಂಥ ತೋರಾ ಇಟ್ಟ ಕಪಾಟು ತೆರೆದಾಗ ಅವನಿಗೆ ಜಾತ್ರೆಯಲ್ಲಿ ಬಂದೂಕಿನಿಂದ ಗುರಿ ಹೊಡೆಯುವ ಅಂಗಡಿ ನೆನಪಾಗುತ್ತಿತ್ತು. ಗುರಿ ತಾಗಿದರೆ ಅಲ್ಲೂ ಬಾಗಿಲು ತೆರೆಯುತ್ತದೆ, ಏನಾದರೂ ಮಜಾ ಇರುವುದು ಹೊರಬರುತ್ತದೆ. ಇಲ್ಲಿ ಬರೀ ತಲೆಯಿಲ್ಲದ ಹಳೇ ಗೊಂಬೆಗಳು. ಹೀಗೆ ಬರೆದವನಿಗೆ ಇನ್ನೆಲ್ಲಿಯ ದೇವರು?

ಸಂಜೆಪುಟ:
ನಾನು ಒಪ್ಪಲ್ಲ ಸರ್. ಆ ಸಾಲುಗಳಲ್ಲಿ ನನಗೆ ಕಾಣುವುದು ಸಂಕಟ. ಅಪ್ಪ ಹಳ್ಳಿಯಿಂದ ಬರುವಾಗ ಒಂದಿಷ್ಟು ಧರ್ಮ ತಂದಿದ್ದ, ಮಗನ ಕೈಗೆ ಬರುವಷ್ಟರಲ್ಲಿ ಅದೂ ಸೋರಿಹೋಯಿತು. ಹಾಗಂತ ಅದೇ ಪತ್ರದಲ್ಲಿ ಅವನೇ ಹೇಳುತ್ತಾನೆ.

ಬೇಡವಾಗಿದ್ದರೆ ಹುಡುಕಿಕೊಂಡು ಯಾಕೆ ಹೋಗುತ್ತಿದ್ದ? 1911ರಲ್ಲಿ ಪ್ರಾಗ್‌ನ ಕೆಫೆ ಸವಾಯ್‌ಗೆ ಪೂರ್ವ ಯುರೋಪಿನ ಯೆಹೂದಿಗಳ ಆಡುಮಾತಾದ ಯಿಡ್ಡಿಷ್‌ನಲ್ಲಿ ನಾಟಕ ಆಡುವವರು ಬಂದರು. ಬಡ ತಂಡ. ಇವನು ಮತ್ತೆ ಮತ್ತೆ ಹೋದ, ನಟ ಇತ್ಸಾಕ್ ಲ್ಯೋವಿಯ ಸ್ನೇಹ ಬೆಳೆಸಿದ. ಅಪ್ಪ ಆ ಗೆಳೆಯನನ್ನು ಕ್ರಿಮಿಕೀಟಕ್ಕೆ ಹೋಲಿಸಿದರೂ ಬಿಡಲಿಲ್ಲ.

1917ರಲ್ಲಿ ತೋರಾದ ಭಾಷೆಯಾದ ಹೀಬ್ರೂ ಕಲಿಯಲು ಶುರುಮಾಡಿದ. ಕ್ಷಯ ಅಂತ ಗೊತ್ತಾದದ್ದೂ ಅದೇ ವರ್ಷ. ಆಮೇಲೆ ಜೆರುಸಲೇಮ್‌ನಿಂದ ಪ್ರಾಗ್‌ಗೆ ಓದಲು ಬಂದಿದ್ದ ಪೂವಾ ಬೆನ್‌ತೋವಿಮ್ ಎಂಬ ಹುಡುಗಿ ಪಾಠ ಹೇಳಿಕೊಟ್ಟಳು. ನನ್ನನ್ನು ತುಂಬಾ ಕಾಡುವುದು ಅವಳು ಹೇಳಿದ ನೆನಪು. ಕೆಮ್ಮು ಜಾಸ್ತಿಯಾದಾಗ ಅವಳು ಪಾಠ ನಿಲ್ಲಿಸಲು ನೋಡುತ್ತಿದ್ದಳು. ಇವನಿಗೆ ಮಾತೇ ಹೊರಡುತ್ತಿರಲಿಲ್ಲ. ಇನ್ನೊಂದು ಪದ, ಇನ್ನೊಂದೇ ಪದ ಅಂತ ಕಣ್ಣಲ್ಲೇ ಕೇಳಿಕೊಳ್ಳುತ್ತಿದ್ದನಂತೆ.

1923ರಲ್ಲಿ ಬರ್ಲಿನ್‌ಗೆ ಹೋಗಿ ಡೋರಾ ಡಿಯಾಮಂಟ್ ಜೊತೆ ಇದ್ದ. ಅವಳು ಪೋಲೆಂಡಿನ ಹಸಿದಿಕ್ ಎಂಬ ಯೆಹೂದಿ ಭಕ್ತಿಪಂಥದ ಮನೆತನದವಳು. ಬೆಲೆ ಏರಿಕೆಗೆ ಊರೇ ತತ್ತರಿಸುತ್ತಿದ್ದ ಆ ಚಳಿಗಾಲದಲ್ಲಿ, ಅಂಥ ಮೈ ಇಟ್ಟುಕೊಂಡು, ಯೆಹೂದಿ ವಿದ್ಯಾಲಯದ ತಾಲ್ಮುದ್ ಎಂಬ ಧರ್ಮಶಾಸ್ತ್ರ ಗ್ರಂಥದ ಪಾಠಕ್ಕೆ ಹೋಗಿ ಕೂರುತ್ತಿದ್ದ. 1924ರ ಜೂನ್ 3ಕ್ಕೆ ತೀರಿಕೊಂಡ.

ಅವನು ಆಸ್ತಿಕ ಅಂತ ನಾನು ಹೇಳುತ್ತಿಲ್ಲ. ಆದರೆ ಮನುಷ್ಯನೊಳಗೆ ನಾಶವಾಗದ ಏನೋ ಒಂದಿದೆ, ಅದರ ಮೇಲೆ ನಂಬಿಕೆ ಇಲ್ಲದೆ ಬದುಕಲಾಗದು ಅಂತ ಬರೆದವನನ್ನು ಸುಮ್ನೆ ನಾಸ್ತಿಕರ ಸಾಲಿಗೆ ಸೇರಿಸುವುದು ಅನ್ಯಾಯ.

ಓದುಗಿ:
ಧನ್ಯವಾದ. ಕಥೆಗಳಲ್ಲಿ ಈ ಹುಡುಕಾಟ ಎಲ್ಲಾದರೂ ಕಾಣುತ್ತದಾ?

ಸಂಜೆಪುಟ:
ಕಾನೂನಿನ ಬಾಗಿಲಲ್ಲಿ ಕಾದು ಕಾದು ಮುದುಕನಾಗುವ ಹಳ್ಳಿಯವನ ಪುಟ್ಟ ಕಥೆ ಓದಿ ಮೇಡಂ. ಅದು 1915ರಲ್ಲಿ ಮೊದಲು ಅಚ್ಚಾದದ್ದು ಪ್ರಾಗ್‌ನ ಯೆಹೂದಿ ವಾರಪತ್ರಿಕೆಯಲ್ಲಿ. ಯೆಹೂದಿಗಳಿಗೆ ಕಾನೂನು ಅಂದರೆ ತೋರಾ ಕೂಡ ಹೌದು. ಆ ಪತ್ರಿಕೆಯ ಓದುಗರು ಅದನ್ನು ಬರೀ ಕೋರ್ಟಿನ ಕಾನೂನು ಅಂತ ಓದಿರಲಾರರು, ಅಲ್ವಾ?